ಹಸಿರು ದೀಪ ನಿಲ್ಲುವವರೆಗೆ

ಇಂಜಿನಿಯರ್ ಕ್ಯಾಲೆಂಡರಿನಲ್ಲಿ ಏಳನೆಯ ಕೆಂಪು ಗುರುತು ಹಾಕಿದ. ಎದುರಿಗೆ ಕಂಪ್ಯೂಟರಿನ ಪರದೆ ಕಪ್ಪಗೆ ಕೂತಿತ್ತು. ಅದರ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳು ಇರುವೆ ಸಾಲಿನ ಹಾಗೆ ಒಂದೇ ಸಮನೆ ಇಳಿಯುತ್ತಿದ್ದವು. ನಿನ್ನೆ ಇಡೀ ದಿನ ಕೂತು ಟೈಪು ಮಾಡಿದ ನೂರ ಅರವತ್ತು ಕಾರ್ಡುಗಳು ಮತ್ತೆ ಮಾಯವಾಗಿದ್ದವು. ಐದು ದಿನದಿಂದ ಅವೇ ಕಾರ್ಡುಗಳು, ಅದೇ ಟೈಪು, ಬೆಳಗಾದರೆ ಅದೇ ಕಪ್ಪು ಪರದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು ಅವನ ಬಾಳು.

ಇಂಜಿನಿಯರ್ ಎಂದರೆ ಓದಿ ಆದ ಇಂಜಿನಿಯರ್ ಅಲ್ಲ. ಅವನು ಆ ಸಾರ್ವಜನಿಕ ಗ್ರಂಥಾಲಯದ ಸಹಾಯಕ. ಮೂರು ವರ್ಷದ ಹಿಂದೆ ನಿಂತುಹೋಗಿದ್ದ ಫ್ಯಾನಿಗೆ ಕೊಡೆಯ ಹಿಡಿಯಿಂದ ಎರಡು ಏಟು ಕೊಟ್ಟಿದ್ದ. ಫ್ಯಾನು ಅವಮಾನ ತಾಳಲಾರದೆ ತಿರುಗಿಬಿಟ್ಟಿತು. ಅಂದಿನಿಂದ ಅವನು ಊರಿಗೆಲ್ಲ ಇಂಜಿನಿಯರ್. ಬೇಡ ಎನ್ನಬಹುದಿತ್ತು, ಅನ್ನಲಿಲ್ಲ. ಹೆಂಡತಿಯ ತವರಿನವರ ಮುಂದೆ ಆ ಹೆಸರು ಚೆನ್ನಾಗಿ ಕೇಳುತ್ತಿತ್ತು.

ಗ್ರಂಥಾಲಯದ ಸಿಬ್ಬಂದಿ ಒಟ್ಟು ಮೂವರು. ದೊಡ್ಡ ಮೇಡಂ, ಅಂದರೆ ಗ್ರಂಥಪಾಲಕಿ. ಎರಡನೆಯವನು ಇಂಜಿನಿಯರ್. ಮೂರನೆಯವರು ಕಸ ಗುಡಿಸಿ, ಪುಸ್ತಕಗಳ ಧೂಳು ಒರೆಸುವ ಅಕ್ಕ. ಅವರಿಗೆ ಇವನಿಗಿಂತ ಹತ್ತು ವರ್ಷ ಹೆಚ್ಚು ಸೇವೆಯಾಗಿತ್ತು. ಆದರೆ ಸೇವೆ ಪೊರಕೆಯದಾದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಂದಿನ ಬುಧವಾರ ಸಾಮಾನ್ಯ ಬುಧವಾರವಾಗಿರಲಿಲ್ಲ. ಸಂಜೆ ಐದಕ್ಕೆ ದೊಡ್ಡ ಮೇಡಂ ನಿವೃತ್ತರಾಗುವವರಿದ್ದರು. ಅದೇ ಐದಕ್ಕೆ ವಿದ್ಯುತ್ ಇಲಾಖೆಯವರು ಬಂದು ಕಟ್ಟಡದ ತಂತಿ ಬಿಚ್ಚುವವರಿದ್ದರು. ಬೆಳಗಾದರೆ ಲಾರಿ ಬಂದು ಪುಸ್ತಕ, ಕಪಾಟು, ಕಂಪ್ಯೂಟರು ಎಲ್ಲವನ್ನೂ ಹೊಸ ಕಟ್ಟಡಕ್ಕೆ ಸಾಗಿಸಬೇಕು. ಹೀಗಾಗಿ ಕಂಪ್ಯೂಟರನ್ನು ಅಂದು ಸಂಜೆ ಆಫ್ ಮಾಡಲೇಬೇಕಿತ್ತು. ಆಫ್ ಮಾಡದೆ ಉಳಿಸಿಕೊಳ್ಳೋಣವೆಂದರೆ ದಾರಿಯೇ ಇರಲಿಲ್ಲ.

ಕಂಪ್ಯೂಟರಿನ ಪಕ್ಕದಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಒಂದು ಕಬ್ಬಿಣದ ಪೆಟ್ಟಿಗೆ. ಎಲ್ಲರೂ ಅದನ್ನು ಹೊರಪೆಟ್ಟಿಗೆ ಎನ್ನುತ್ತಿದ್ದರು. ಮೇಡಂ ಹನ್ನೊಂದು ವರ್ಷ ಕೂತು, ಕನ್ನಡಕ ನಾಲ್ಕು ಸಲ ಬದಲಾಯಿಸಿ, ಒಂದೊಂದೇ ಕಾರ್ಡು ನೋಡಿ ಟೈಪು ಮಾಡಿದ ಗ್ರಂಥಸೂಚಿಯೆಲ್ಲ ಇದ್ದುದು ಅದರೊಳಗಿನ ಡಿಸ್ಕಿನಲ್ಲಿ. ಹತ್ತೊಂಬತ್ತು ಸಾವಿರದ ಚಿಲ್ಲರೆ ಪುಸ್ತಕಗಳು. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ, ಯಾರು ಎಂದು ಒಯ್ದರು, ಎಂದು ತಂದರು, ಎಲ್ಲವೂ ಅಲ್ಲೇ. ನಿವೃತ್ತಿಗೆ ಮುಂಚೆ ಕೊನೆಯ ಕಾರ್ಡೂ ಒಳಗೆ ಹೋಗಬೇಕು ಎನ್ನುವುದು ಅವರ ಒಂದೇ ಒಂದು ಆಸೆ. ಮನೆ ಕಟ್ಟುವವರಿಗೂ ಅಷ್ಟು ಆಸೆ ಇರುವುದಿಲ್ಲ.

ಇಂಜಿನಿಯರ್ ಕಂಪ್ಯೂಟರ್ ಮೆಕ್ಯಾನಿಕ್‌ಗೆ ಫೋನು ಮಾಡಿ ಸ್ಪೀಕರ್ ಹಾಕಿದ. ಮೇಡಂ ಪಕ್ಕದಲ್ಲೇ ನಿಂತಿದ್ದರು.

"ಪರದೆ ಮೇಲೆ ಏನು ಬರೆದಿದೆ, ಓದಿ" ಎಂದ ಮೆಕ್ಯಾನಿಕ್.

ಇವನು ಓದಿದ.

"ಫೈಲ್ ಸಿಸ್ಟಮ್ ಕೆಡ್ತಾ ಇದೆ ಸ್ವಾಮಿ. ಡಿಸ್ಕಲ್ಲಿ ಯಾವುದು ಎಲ್ಲಿದೆ ಅಂತ ಹೇಳೋ ವ್ಯವಸ್ಥೆ ಅದು. ದಿನಾ ಒಂದೊಂದು ಚೂರು ಹೋಗಿ ಈಗ ದಾರದ ಮೇಲೆ ನಿಂತಿದೆ. ಇನ್ನೊಂದ್ಸಲ ಹೀಗಾದ್ರೆ ಪೂರ್ತಿ ಹೋಗುತ್ತೆ."

"ಅಂದ್ರೆ ಪುಸ್ತಕ ಕಪಾಟಲ್ಲೇ ಇರುತ್ತೆ, ಸೂಚಿ ಹರಿದುಹೋಗಿರುತ್ತೆ" ಎಂದರು ಮೇಡಂ. ಅವರಿಗೆ ಒಂದೇ ಮಾತಿಗೆ ಅರ್ಥವಾಗಿತ್ತು.

"ಅದೇ ಅಮ್ಮ. ಬೇರೆ ಕಡೆ ಪ್ರತಿ ತೆಗೆದಿಟ್ಟಿದ್ದೀರಾ?"

"ಇಟ್ಟಿದ್ದೀವಿ" ಎಂದ ಇಂಜಿನಿಯರ್ ಎದೆಯುಬ್ಬಿಸಿ. "ಅದೇ ಪೆಟ್ಟಿಗೇಲಿ."

ಮನೆಗೆ ಬೀಗ ಹಾಕಿ, ಕಳೆದುಹೋದೀತೆಂದು ಎರಡನೆಯ ಕೀಲಿಯನ್ನು ಮನೆಯೊಳಗೇ ಇಟ್ಟು ಬಂದವನ ಕತೆ ಕೇಳಿದವನಂತೆ ಮೆಕ್ಯಾನಿಕ್ ನಿಟ್ಟುಸಿರು ಬಿಟ್ಟ. "ಆ ಹಳೇ ಯಂತ್ರಕ್ಕೆ ಹೊಂದೋ ಡಿಸ್ಕು ಹುಡುಕ್ಬೇಕು. ಶುಕ್ರವಾರ ಬರ್ತೀನಿ" ಎಂದು ಫೋನಿಟ್ಟ.

ಹಳೆಯ ಕಾಗದದ ಕಾರ್ಡುಗಳಾದರೂ ಇದ್ದಾವಲ್ಲ ಎನ್ನುವ ಹಾಗೂ ಇರಲಿಲ್ಲ. ಟೈಪಾದ ಕಾರ್ಡುಗಳ ಬೆನ್ನು ಖಾಲಿಯಿದೆಯೆಂದು, ಓದುಗರಿಗೆ ಚೀಟಿ ಬರೆಯಲು ಅವನ್ನೇ ಕೊಡಿಸಿದ್ದು ಇಂಜಿನಿಯರನ ಮಿತವ್ಯಯ. ಉಳಿದದ್ದು ಕೊನೆಯ ಡ್ರಾಯರಿನ ನೂರ ಅರವತ್ತು ಮಾತ್ರ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ" ಎಂದಷ್ಟೇ ಹೇಳಿ ತಮ್ಮ ಮೇಜಿಗೆ ಹೋದರು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಯಾರೋ ಏನೋ ಮಾಡುತ್ತಿದ್ದಾರೆ ಎನ್ನುವುದು ಇಂಜಿನಿಯರನಿಗೆ ಖಾತ್ರಿಯಾಗಿತ್ತು. ಒದ್ದೆ ಬಟ್ಟೆಯೋ, ಪೊರಕೆಯ ತುದಿಯೋ, ಯಾವುದೋ ಒಂದು. ತನ್ನ ಕಡೆಯಿಂದಂತೂ ತಪ್ಪಾಗಲು ಸಾಧ್ಯವೇ ಇಲ್ಲ. ಮೇಡಂ ಸಾಗಾಣಿಕೆಯ ಗಡಿಬಿಡಿಯಲ್ಲಿದ್ದುದರಿಂದ ಕಳೆದ ವಾರದ ಸೋಮವಾರದಿಂದ ಸಂಜೆ ಮುಚ್ಚುವ ಜವಾಬ್ದಾರಿ ಇವನ ಪಾಲಿಗೆ ಬಂದಿತ್ತು. ಬಂದ ದಿನವೇ 'ಕಚೇರಿ ಮುಚ್ಚುವ ಕ್ರಮ' ಎಂದು ಆರು ಸಾಲಿನ ಪಟ್ಟಿ ಬರೆದು, ಲ್ಯಾಮಿನೇಟ್ ಮಾಡಿಸಿ, ಗೋಡೆಗೆ ಹಾಕಿದ್ದ. ಆ ಆರೂ ಸಾಲನ್ನು ನಲವತ್ತು ಸೆಕೆಂಡಿನಲ್ಲಿ ಮುಗಿಸಿ ಐದೂ ಹತ್ತರ ಬಸ್ಸು ಹಿಡಿಯುತ್ತಿದ್ದ. ಮೊದಲ ದಿನ ಅಕ್ಕ, "ಸಾರ್, ಒಂದು ಮಾತು" ಎಂದು ಬಾಗಿಲವರೆಗೆ ಬಂದಿದ್ದರು. "ನಾಳೆ ಹೇಳಿ ಅಕ್ಕಾ, ಬಸ್ಸು" ಎಂದು ಓಡಿದ್ದ.

ಅವನು ಹಾಳೆ ತೆಗೆದು ಸುತ್ತೋಲೆ ಬರೆದ. "ಈ ಮೂಲಕ ಎಲ್ಲ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಗಣಕಯಂತ್ರದ ಅವನತಿಗೆ ಕಾರಣರಾದವರು ಯಾರೇ ಆಗಿರಲಿ, ಹಾಗೂ ಮುಚ್ಚುವ ಕ್ರಮದ ಪಟ್ಟಿಯನ್ನು ಓದಿಯೂ ಮೀರಿದವರು ಯಾರೇ ಆಗಿರಲಿ, ಅವರ ಈ ತಿಂಗಳ ರಜೆಯನ್ನು ರದ್ದುಪಡಿಸಲಾಗುವುದು."

'ಯಾರೇ ಆಗಿರಲಿ' ಎಂಬುದರ ಕೆಳಗೆ ಎರಡು ಗೆರೆ ಎಳೆದ.

"ಇರೋದು ಮೂರು ಜನ. ನಾನು ಸಂಜೆ ಮನೆಗೆ ಹೋಗ್ತೀನಿ. ಇದು ಬೇಕೇನ್ರೀ?" ಎಂದರು ಮೇಡಂ.

"ಶಿಸ್ತು ಮೇಡಂ."

ಮೇಡಂ ಸಹಿ ಹಾಕಿದರು. ಅಕ್ಕನಿಗೂ ಕೊಟ್ಟ. ಅಕ್ಕ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, ಪೊರಕೆಯನ್ನು ಗೋಡೆಗೆ ಒರಗಿಸಿ, ನಿಧಾನವಾಗಿ ತಮ್ಮ ಹೆಸರು ಬರೆದರು. ಅವರ ಮುಖ ಯಾಕೋ ಸಪ್ಪಗಾಯಿತು. ಸೋಮವಾರದಿಂದ ಅವರಿಗೆ ರಜೆ ಮಂಜೂರಾಗಿತ್ತು, ಮಗಳ ಚೊಚ್ಚಲ ಹೆರಿಗೆ. ಇಂಜಿನಿಯರನಿಗೂ ಸೋಮವಾರದಿಂದಲೇ ರಜೆ. ಅವನ ಹೆಂಡತಿ ಸಮುದ್ರ ನೋಡಬೇಕೆಂದು ನಾಲ್ಕು ವರ್ಷದಿಂದ ಹೇಳಿ, ಈಗ ಟಿಕೆಟನ್ನೂ ತರಿಸಿ, ಪೆಟ್ಟಿಗೆಯನ್ನೂ ಕಟ್ಟಿಯಾಗಿತ್ತು.

ಹತ್ತೂವರೆಗೆ ಗಾರ್ಡ್ ತಾತ ಬಂದರು. ಮೂವತ್ತಾರು ವರ್ಷ ರೈಲಿನ ಕೊನೆಯ ಬೋಗಿಯಲ್ಲಿ ಹಸಿರು ಬಾವುಟ ಬೀಸಿ ನಿವೃತ್ತರಾದವರು. ಈಗ ಅವರ ರೈಲು ಪತ್ತೇದಾರಿ ಕಾದಂಬರಿಗಳ ಮೇಲೆ ಓಡುತ್ತಿತ್ತು. ಅಂದು ಕೋಟು ಇಸ್ತ್ರಿ ಮಾಡಿಸಿ ಹಾಕಿದ್ದರು. ಅತಿ ಹೆಚ್ಚು ಪುಸ್ತಕ ಓದಿದವರಿಗೆ ಮೇಡಂ ತಮ್ಮ ಕೊನೆಯ ದಿನ ಒಂದು ಬಹುಮಾನ ಕೊಡುವವರಿದ್ದರು. ಅದು ತಮಗಲ್ಲದೆ ಇನ್ಯಾರಿಗೆ ಎನ್ನುವುದರಲ್ಲಿ ತಾತನಿಗೆ ಅನುಮಾನವಿರಲಿಲ್ಲ.

"ಇದೇನಮ್ಮ ಅನ್ಯಾಯ!" ಎಂದು ಬಂದವರೇ ಕೂಗಿದರು. "ಈ ಕಾದಂಬರಿ ಕೊನೇ ಹಾಳೆ ಯಾರೋ ಹರ್ಕೊಂಡಿದ್ದಾರೆ. ಹಾರ ಕದ್ದವನು ಯಾರು ಅಂತ ಗೊತ್ತಾಗದೆ ರಾತ್ರಿಯೆಲ್ಲ ನಿದ್ದೆ ಇಲ್ಲ!"

"ಡಾಕ್ಟರು" ಎಂದರು ಅಕ್ಕ, ಕಪಾಟಿನ ಕೆಳಗೆ ಗುಡಿಸುತ್ತ.

"ಹಾಂ?"

"ಯಾರೋ ಹೇಳ್ತಿದ್ರು ತಾತ."

ತಾತ ಹೊಟ್ಟೆಗಿಚ್ಚಿನಿಂದ ಆ 'ಯಾರೋ' ಯಾರಿರಬಹುದೆಂದು ಯೋಚಿಸುತ್ತ ಕೂತರು. ಅಷ್ಟರಲ್ಲಿ ಪಕ್ಕದ ಔಷಧಿ ಅಂಗಡಿಯ ಕಾಂಪೌಂಡರ್ ಪತ್ರಿಕೆ ನೋಡಲು ಬಂದವನು, ವಿಷಯ ತಿಳಿದು ನೇರ ಕಂಪ್ಯೂಟರಿನ ಹಣೆಯ ಮೇಲೆ ಅಂಗೈ ಇಟ್ಟ.

"ಎಷ್ಟು ದಿನದಿಂದ?"

"ಒಂಬತ್ತು ದಿನ."

"ಜ್ವರ ಇದೆ. ಒಳಗೆ ಕಾವು ಜಾಸ್ತಿಯಾಗಿ ನೆನಪು ಹೋಗ್ತಿದೆ. ಗಾಳಿ ಬಿಡಿ."

ಇಂಜಿನಿಯರ್ ಟೇಬಲ್ ಫ್ಯಾನನ್ನು ತಂದು ಕಂಪ್ಯೂಟರಿನ ಮುಖಕ್ಕೆ ತಿರುಗಿಸಿ ಗುಂಡಿ ಒತ್ತಿದ. ಕಂಪ್ಯೂಟರಿಗೆ ಏನನ್ನಿಸಿತೋ ತಿಳಿಯದು, ಮೇಜಿನ ಮೇಲಿದ್ದ ನೂರ ಅರವತ್ತು ಕಾರ್ಡುಗಳು ಮಾತ್ರ ಪಾರಿವಾಳದ ಹಿಂಡಿನ ಹಾಗೆ ಎದ್ದು ಕೋಣೆಯ ತುಂಬ ಹಾರಿದವು. ಕೆಲವು ಕಪಾಟಿನ ಮೇಲೆ ಕೂತವು, ಕೆಲವು ಕಿಟಕಿಯಾಚೆ ಹೋದವು. ಒಂದು ಕಾರ್ಡು ತಾತನ ಕೋಟಿನ ಜೇಬು ಸೇರಿತು. ಇಂಜಿನಿಯರ್ ಕುರ್ಚಿ ಹತ್ತಿದ, ಕುರ್ಚಿ ಜಾರಿತು, ಅವನು ಇಳಿಯಬೇಕಾದ್ದಕ್ಕಿಂತ ಬೇಗ ಇಳಿದ.

ಸೊಂಟ ಹಿಡಿದುಕೊಂಡು ಏಳುವಷ್ಟರಲ್ಲಿ ಅಕ್ಕ ಕಾರ್ಡುಗಳನ್ನೆಲ್ಲ ಆಯ್ದು, ಬೀದಿಗೆ ಹೋದವನ್ನೂ ತಂದು, ಕಟ್ಟು ಮಾಡಿ ಮೇಜಿನ ಮೇಲಿಟ್ಟಿದ್ದರು. ನೋಡಿದರೆ ಕಾರ್ಡುಗಳು ಮೊದಲಿನಿಂದ ಕೊನೆಯವರೆಗೆ ಅಕ್ಷರದ ಕ್ರಮದಲ್ಲೇ ಇದ್ದವು. 'ಸದ್ಯ, ಅದೃಷ್ಟ ಚೆನ್ನಾಗಿದೆ' ಎಂದುಕೊಂಡು ಇಂಜಿನಿಯರ್ ಟೈಪಿಗೆ ಕೂತ. ಐದು ದಿನದಿಂದ ಅವೇ ಕಾರ್ಡುಗಳಾದ್ದರಿಂದ ಬೆರಳುಗಳಿಗೆ ಬಾಯಿಪಾಠವಾಗಿತ್ತು. ಎರಡೂವರೆಗೆಲ್ಲ ಕೊನೆಯ ಪುಸ್ತಕಕ್ಕೆ ಬಂದ. ಅದು ಇನ್ನೂ ಕಾರ್ಡೇ ಬರೆದಿರದ, ಹದಿನಾಲ್ಕು ಸಂಪುಟಗಳ ದೊಡ್ಡ ವಿಶ್ವಕೋಶ.

"ಸಂಪುಟಕ್ಕೊಂದು ಕಾರ್ಡು ಮಾಡಿಬಿಡಿ" ಎಂದರು ಮೇಡಂ.

ಇಂಜಿನಿಯರನ ಬೆರಳುಗಳು ಅತ್ತವು. "ಯಾಕೆ ಮೇಡಂ? ಹೆಸರೊಂದು, ನಂಬರೊಂದು. ಹದಿನಾಲ್ಕು ಸಂಪುಟ ಆದ್ರೂ ಪುಸ್ತಕ ಒಂದೇ. ಒಂದೇ ಕಾರ್ಡು ಸಾಕು."

"ನಿಯಮ ಹಾಗೂ ಹೇಳುತ್ತೆ. ಸರಿ, ಒಂದೇ ಅಂತ ಹಾಕಿ. ನಿಮ್ಮದೇ ಮಾತು, ನೆನಪಿರಲಿ."

ಪಕ್ಕದಲ್ಲಿ ಆ ಸಂಪುಟಗಳ ಧೂಳು ಒರೆಸುತ್ತಿದ್ದ ಅಕ್ಕ, ಏಳನೆಯದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು.

ಕೊನೆಯ ಕಾರ್ಡು ಒಳಗೆ ಹೋಯಿತು. ಹತ್ತೊಂಬತ್ತು ಸಾವಿರದ ನಾಲ್ಕುನೂರ ಹನ್ನೆರಡು. ಮೇಡಂ ಪರದೆಯ ಮೇಲಿನ ಆ ಸಂಖ್ಯೆಯನ್ನು ನೋಡಿದರು. ಹನ್ನೊಂದು ವರ್ಷದ ಕೆಲಸ ಮುಗಿದಿತ್ತು. ಅದು ಇನ್ನು ಎರಡೂವರೆ ಗಂಟೆ ಬದುಕಿರುತ್ತದೆ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಇಂಜಿನಿಯರನಿಗೆ ಅವರ ಮುಖ ನೋಡಲಾಗಲಿಲ್ಲ.

ಆಗ ಗಾರ್ಡ್ ತಾತ ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು. "ಏನಯ್ಯಾ ಇಂಜಿನಿಯರೇ, ಈ ಕೆಂಪು ಗುರುತು ಯಾವಾಗ ಹಾಕ್ತೀಯ?"

"ಬೆಳಗ್ಗೆ ತಾತ. ಆನ್ ಮಾಡಿದಾಗ ಗೊತ್ತಾಗುತ್ತಲ್ಲ."

"ಗೊತ್ತಾಗೋದು ಬೆಳಗ್ಗೆ. ಆಗೋದು?"

ಇಂಜಿನಿಯರ್ ಎದ್ದು ಕ್ಯಾಲೆಂಡರಿನ ಹತ್ತಿರ ಬಂದ.

"ಹಳಿ ತಪ್ಪಿದ ಬೋಗಿ ಬೆಳಗ್ಗೆ ಕಂಡ್ರೆ, ತಪ್ಪಿದ್ದು ಬೆಳಗ್ಗೇನೇ ಅಂತ ಯಾವ ಗಾರ್ಡೂ ಬರೆಯಲ್ಲ. ನೀನು ಒಂಬತ್ತು ದಿನದಿಂದ ಯಂತ್ರ ಎಬ್ಬಿಸೋದನ್ನ ನೋಡ್ತಿದ್ದೀಯ. ಯಾರಾದ್ರೂ ಅದನ್ನ ಮಲಗಿಸೋದನ್ನ ನೋಡಿದ್ದೀರಾ? ಈಗ ಇಲ್ಲಿ ನೋಡು. ಹೋದ ವಾರ ಮಂಗಳವಾರ ಗುರುತಿದೆ, ಬುಧವಾರ ಇದೆ, ಗುರುವಾರ ಇಲ್ಲ. ಶುಕ್ರವಾರದಿಂದ, ಭಾನುವಾರದ ರಜೆ ಬಿಟ್ರೆ, ಮತ್ತೆ ಸಾಲಾಗಿ ಇದೆ. ಗುರುವಾರ ಬೆಳಗ್ಗೆ ಯಾಕೆ ಸರಿ ಇತ್ತು?"

"ಬುಧವಾರ ಬೆಳಗ್ಗೆ ಎರಡು ಏಟು ಕೊಟ್ಟಿದ್ದೆ ತಾತ, ಅದಕ್ಕೇ."

"ಆಮೇಲೆ ದಿನಾ ಕೊಡ್ತಿದ್ದೀಯಲ್ಲ, ಪ್ರಯೋಜನ ಆಯ್ತಾ?" ಎಂದರು ತಾತ. "ಅದಿರಲಿ, ಬುಧವಾರ ಸಂಜೆ ಮುಚ್ಚಿದವರು ಯಾರು?"

ಇಂಜಿನಿಯರ್ ನೆನಪು ಮಾಡಿಕೊಂಡ. ಬುಧವಾರ ಮಧ್ಯಾಹ್ನ ಅವನು ಹಲ್ಲು ಕೀಳಿಸಲು ಹೋಗಿದ್ದ. ಮೇಡಂ ಹೊಸ ಕಟ್ಟಡ ನೋಡಲು ಹೋಗಿದ್ದರು. ಎಲ್ಲರ ಕಣ್ಣೂ ನಿಧಾನವಾಗಿ ಪೊರಕೆಯ ಕಡೆಗೆ ತಿರುಗಿದವು.

"ಅಕ್ಕಾ, ಅವತ್ತು ನೀವು ಏನು ಮಾಡಿದ್ರಿ?" ಎಂದ ಇಂಜಿನಿಯರ್. "ಪಟ್ಟೀಲಿ ಇದ್ದ ಹಾಗೇ ಮಾಡಿದ್ರಿ ತಾನೇ?"

ಅಕ್ಕ ಗೋಡೆಯ ಮೇಲಿನ ಪಟ್ಟಿ ನೋಡಿದರು, ಮೇಜಿನ ಮೇಲಿನ ಸುತ್ತೋಲೆ ನೋಡಿದರು. ಆಮೇಲೆ ಪರದೆಯನ್ನೂ, ಅದರ ಮುಂದೆ ಕೂತ ಮೇಡಂ ಅವರನ್ನೂ ನೋಡಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಇಲ್ಲ ಸಾರ್" ಎಂದರು ಕೊನೆಗೆ. "ನಂಗೆ... ಓದೋಕೆ ಬರಲ್ಲ. ಹೆಸರು ಬರೆಯೋದಷ್ಟೇ ಕಲ್ತಿದ್ದೀನಿ. ಪಟ್ಟೀಲಿ ಏನಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಮೇಡಂ ಮೊದಲು ಹೇಗೆ ಮಾಡ್ತಿದ್ರೋ ಹಾಗೆ ಮಾಡ್ದೆ."

ಮೇಡಂ ತಟ್ಟನೆ ತಲೆಯೆತ್ತಿ ಅಕ್ಕನನ್ನು ನೋಡಿದರು. ಏನೋ ಹೇಳಹೊರಟವರು ಸುತ್ತೋಲೆಯ ಮೇಲೆ ಕಣ್ಣು ಹಾಯಿಸಿ ಸುಮ್ಮನಾದರು. ಇಂಜಿನಿಯರ್ ಮನಸ್ಸಿನಲ್ಲೇ ಅಂದುಕೊಂಡ. ಪುಸ್ತಕಗಳ ನಡುವೆ ಇಷ್ಟು ವರ್ಷ ಬಾಳಿ, ಒಂದಕ್ಷರ ಬಾರದ ಗುಟ್ಟನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡು, ಇಂದು ಈ ಸೂಚಿಯನ್ನು ಉಳಿಸಲು ಎಲ್ಲರೆದುರು ಒಪ್ಪಿಕೊಂಡಿತಲ್ಲ ಈ ಜೀವ!

"ಹೇಗೆ ಮಾಡಿದ್ರಿ ಅಂತ ತೋರಿಸಿ" ಎಂದರು ಮೇಡಂ ಮೃದುವಾಗಿ. "ಈಗಲೇ ಮಾಡಿ. ಹೋಗೋದಿದ್ರೆ ಐದಕ್ಕೂ ಹೋಗುತ್ತೆ, ಮೂರಕ್ಕೂ ಹೋಗುತ್ತೆ."

ಅಕ್ಕ ಕೈ ತೊಳೆದು, ಒರೆಸಿಕೊಂಡು, ಕುರ್ಚಿಯ ತುದಿಯಲ್ಲಿ ಕೂತರು. ಮೊದಲು ಕಂಪ್ಯೂಟರನ್ನು ಮುಚ್ಚುವ ಗುಂಡಿ ಒತ್ತಿದರು. ಹೊರಪೆಟ್ಟಿಗೆಯನ್ನು ಮುಟ್ಟಲಿಲ್ಲ. ಅದರ ಹಸಿರು ದೀಪ ಮಿಟಮಿಟ ಎಂದು ಹೊಡೆದುಕೊಳ್ಳತೊಡಗಿತು. ಅಕ್ಕ ಕೈಕಟ್ಟಿ ಅದನ್ನೇ ನೋಡುತ್ತ ಕೂತರು.

"ಈಗ?" ಎಂದ ಇಂಜಿನಿಯರ್.

"ಈಗ ಏನೂ ಇಲ್ಲ. ಕಾಯೋದು."

"ಎಷ್ಟು ಹೊತ್ತು?"

"ಅದು ನಿಲ್ಲೋವರೆಗೂ. ಇದರ ತಲೇಲಿ ಇರೋದನ್ನೆಲ್ಲ ಆ ಪೆಟ್ಟಿಗೆಗೆ ಹೇಳ್ತಾ ಇರುತ್ತೆ ಸಾರ್. ಹೇಳಿ ಮುಗಿಯೋ ಮುಂಚೆ ಪೆಟ್ಟಿಗೆ ಬಾಯಿ ಮುಚ್ಚಿದ್ರೆ ಅರ್ಧ ಮಾತು ಅಲ್ಲೇ ಉಳಿಯುತ್ತೆ. ತೊಟ್ಟಿಲ ಮಗು ಕಣ್ಣು ಮುಚ್ತು ಅಂತ ತಕ್ಷಣ ಕೈ ತೆಗೆದ್ರೆ ಎದ್ದು ಅಳಲ್ವಾ? ನಿದ್ದೆ ಹತ್ತಿದ್ಮೇಲೆ ತೆಗೀಬೇಕು."

ಒಂದು ನಿಮಿಷವಾಯಿತು, ಎರಡಾಯಿತು. ಕಾಂಪೌಂಡರ್ ಅಭ್ಯಾಸಬಲದಿಂದ ಗಡಿಯಾರ ನೋಡಿ ನಾಡಿ ಎಣಿಸುತ್ತಿದ್ದ. ನಾಲ್ಕನೆಯ ನಿಮಿಷಕ್ಕೆ ಪರದೆ ಕತ್ತಲಾಯಿತು. ದೀಪ ಇನ್ನೂ ಮಿಟುಕುತ್ತಿತ್ತು. ಇಂಜಿನಿಯರನ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ಅಕ್ಕ ಅದರ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟರು. ಆಮೇಲೆ ದೀಪ ಒಮ್ಮೆ ಬೆಳಗಿ, ಇನ್ನೊಮ್ಮೆ ಬೆಳಗಿ, ಸ್ಥಿರವಾಗಿ ನಿಂತಿತು. ಅಕ್ಕ ಒಂದರಿಂದ ಹತ್ತರವರೆಗೆ ಎಣಿಸಿದರು. ಹೊರಪೆಟ್ಟಿಗೆಯ ಸ್ವಿಚ್ಚು ಆರಿಸಿದರು. ಪ್ರಿಂಟರು ಆರಿಸಿದರು. ಕೊನೆಗೆ ಮೇನ್ ಸ್ವಿಚ್ಚು.

ತಾತ ಎದ್ದು ಪಟ್ಟಿಯ ಮುಂದೆ ನಿಂತು ಗಟ್ಟಿಯಾಗಿ ಓದಿದರು. "ಒಂದು, ಟೇಬಲ್ ಫ್ಯಾನ್. ಎರಡು, ಹೊರಪೆಟ್ಟಿಗೆ. ಮೂರು, ಪ್ರಿಂಟರ್. ನಾಲ್ಕು, ಕಂಪ್ಯೂಟರ್... ಅಯ್ಯೋ ಪುಣ್ಯಾತ್ಮಾ! ಹೇಳೋನು ಮಾತು ಶುರು ಮಾಡೋ ಮುಂಚೇನೇ ಕೇಳೋನ ಕಿವಿ ಮುಚ್ಚಿದ್ದೀಯಲ್ಲೋ! ಈ ಕ್ರಮ ಎಲ್ಲಿಂದ ತಂದೆ?"

"ಚಿಕ್ಕದರಿಂದ ದೊಡ್ಡದಕ್ಕೆ ತಾತ" ಎಂದ ಇಂಜಿನಿಯರ್ ಸಣ್ಣ ದನಿಯಲ್ಲಿ. "ನೋಡೋಕೆ ಚೆನ್ನಾಗಿರುತ್ತೆ ಅಂತ."

ಮತ್ತೆ ಮೇನ್ ಹಾಕಿ ಯಂತ್ರವನ್ನು ಎಬ್ಬಿಸಿದರು. ಕಪ್ಪು ಪರದೆ ಬರಲಿಲ್ಲ, ಇರುವೆ ಸಾಲೂ ಬರಲಿಲ್ಲ. ಹತ್ತೊಂಬತ್ತು ಸಾವಿರದ ನಾಲ್ಕುನೂರ ಹನ್ನೆರಡು ಎಂದು ಅದು ಸೌಮ್ಯವಾಗಿ ಹೇಳಿತು. ಮೇಡಂ ಕನ್ನಡಕ ತೆಗೆದು ಒರೆಸಿದರು. ಈ ಸಲ ಕಣ್ಣನ್ನೂ ಒರೆಸಿಕೊಂಡರು.

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ಲ" ಎಂದರು ತಾತ, ಅಕ್ಕನಿಗೆ ಕೈಯೆತ್ತಿ ಸಲಾಮು ಹೊಡೆದು. "ಹಿತ್ತಲ ಗಿಡ ಮದ್ದಲ್ಲ ಅಂತ ನಾವು ಊರೆಲ್ಲ ಹುಡುಕಿದ್ವಿ."

ನಿಜ ಹೇಳಬೇಕೆಂದರೆ ಮೆಕ್ಯಾನಿಕ್ ಸೋತಲ್ಲಿ, ಫ್ಯಾನು ಸೋತಲ್ಲಿ, ಎರಡು ಏಟೂ ಸೋತಲ್ಲಿ, ಗೆದ್ದದ್ದು ನಾಲ್ಕು ನಿಮಿಷ ಕೈಕಟ್ಟಿ ಕೂರಬಲ್ಲ ಒಂದು ಹೆಣ್ಣುಜೀವದ ತಾಳ್ಮೆ. ಹನ್ನೊಂದು ವರ್ಷ ಪೊರಕೆ ಹಿಡಿದೇ ಮೇಡಂ ಕೈಯನ್ನು ನೋಡಿ ನೋಡಿ ಕಲಿತ ವಿದ್ಯೆ ಅದು. ಎಂಥವರಿಗೂ ಕೈಮುಗಿಯಬೇಕೆನ್ನಿಸುವ ಹಾಗಿತ್ತು. ಇಂಜಿನಿಯರನಿಗೂ ಅನ್ನಿಸಿತು. ಆದರೆ ಅವನು ಕೈಮುಗಿದು ಸುಮ್ಮನಿರುವ ಬದಲು ಭಾಷಣ ಮಾಡಿದ.

"ಮೇಡಂ, ತಪ್ಪು ನಂದೇ. ನನ್ನ ಸುತ್ತೋಲೆ ಪ್ರಕಾರ ನನ್ನ ರಜೆ ರದ್ದು ಮಾಡಿ. ಅಷ್ಟೇ ಅಲ್ಲ. ಗ್ರಂಥಾಲಯದಲ್ಲಿ ದುಡಿಯೋ ಒಬ್ಬ ತಾಯಿಗೆ ಓದೋಕೆ ಬರಲ್ಲ ಅಂದ್ರೆ ಅದು ನಮ್ಮೆಲ್ಲರ ನಾಚಿಕೆಗೇಡು. ಇನ್ಮೇಲೆ ದಿನಾ ಸಂಜೆ ಐದರಿಂದ ಆರರವರೆಗೆ ನಾನೇ ಕೂತು ಅಕ್ಕನಿಗೆ ಓದೋದು ಕಲಿಸ್ತೀನಿ!"

"ಅಯ್ಯೋ, ಬೇಡ ಸಾರ್" ಎಂದರು ಅಕ್ಕ ಗಾಬರಿಯಿಂದ.

"ಸಂಕೋಚ ಬೇಡ ಅಕ್ಕಾ!"

"ಯೋಚನೆ ಮಾಡಿ ಹೇಳ್ತಿದ್ದೀರಾ?" ಎಂದರು ಮೇಡಂ. ಅವರ ತುಟಿಯ ಒಂದು ಕೊನೆ ಯಾಕೋ ಅಲುಗುತ್ತಿತ್ತು. "ಎಷ್ಟು ದಿನ?"

"ಅವರು ನನ್ನ ಮುಂದೆ ಕೂತು, ಒಂದು ಪುಸ್ತಕ ಮೊದಲಿಂದ ಕೊನೇವರೆಗೂ ಓದಿ ಮುಗಿಸೋವರೆಗೆ! ಆದೇಶ ಬರೆದುಬಿಡಿ ಮೇಡಂ."

ಮೇಡಂ ಬರೆದರು. ಸಹಿ ಹಾಕಿ, ಮೊಹರು ಒತ್ತಿದರು. ಕಾಂಪೌಂಡರ್ ಚಪ್ಪಾಳೆ ತಟ್ಟಿದ. ಇಂಜಿನಿಯರ್ ಹೊಸ ಹುರುಪಿನಿಂದ ಹಳೆಯ ಪಟ್ಟಿ ಕಿತ್ತು, ಹೊಸದನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ. 'ಪೂರ್ತಿ ಮುಗಿಯುವವರೆಗೆ ಯಾರೂ ಮುಚ್ಚಬಾರದು. ಎಷ್ಟು ಹೊತ್ತಾದರೂ ಕಾಯುವುದು.'

ನಾಲ್ಕೂವರೆಗೆ ಬಹುಮಾನದ ಹೊತ್ತು ಬಂತು. ತಾತ ಕೋಟಿನ ಗುಂಡಿ ಹಾಕಿಕೊಂಡು ಮುಂದಿನ ಕುರ್ಚಿಗೆ ಬಂದರು. ಸೂಚಿ ಈಗ ಗಟ್ಟಿಯಾಗಿದ್ದುದರಿಂದ ಮೇಡಂ ಒಂದು ಗುಂಡಿ ಒತ್ತಿದರು. ಪ್ರಿಂಟರು ಕಿರ್ ಕಿರ್ ಎಂದು ಹಾಳೆಯನ್ನು ಹೊರಗೆ ನೂಕಿತು. ಇಂಜಿನಿಯರ್ ಅದನ್ನು ಹರಿದು ಸಭೆಗೆಂಬಂತೆ ಓದಿದ.

"ಹನ್ನೊಂದು ವರ್ಷದಲ್ಲಿ ಅತಿ ಹೆಚ್ಚು ಪುಸ್ತಕ ಓದಿದವರು. ಎರಡನೇ ಸ್ಥಾನ, ನಿವೃತ್ತ ರೈಲ್ವೆ ಗಾರ್ಡ್, ಎಂಟುನೂರ ಎಪ್ಪತ್ತೊಂದು ಪುಸ್ತಕ."

"ಎರಡನೇದಾ?" ತಾತನ ಮುಖ ಕೆಂಪು ಬಾವುಟವಾಯಿತು. "ಮೊದಲನೇದು ಯಾವನು?"

"ಮೊದಲನೇ ಸ್ಥಾನ, ಸದಸ್ಯ ಸಂಖ್ಯೆ ಮೂರು, ಸಾವಿರದ ಒಂದುನೂರ ನಲವತ್ತಾರು ಪುಸ್ತಕ. ವೃತ್ತಿ..." ಇಂಜಿನಿಯರ್ ನಿಂತ. ಹಾಳೆಯನ್ನು ಕಣ್ಣ ಹತ್ತಿರ ತಂದ, ದೂರ ಹಿಡಿದ. "ವೃತ್ತಿ, ಇದೇ ಗ್ರಂಥಾಲಯದಲ್ಲಿ ಕಸ ಗುಡಿಸುವ ಕೆಲಸ."

"ಆ ಡಾಕ್ಟರು!" ಎಂದು ತಾತ ಎದ್ದು ನಿಂತರು. "ಕದ್ದವನು ಡಾಕ್ಟರು ಅಂತ ಗೊತ್ತಾಗಿದ್ದು ಹೀಗೆ!"

ಇಂಜಿನಿಯರ್ ತೊದಲಿದ. "ಅಕ್ಕಾ... ನಿಮಗೆ ಓದೋಕೆ ಬರಲ್ಲ ಅಂದ್ರಲ್ಲ?"

ಅಕ್ಕ ಪೊರಕೆಯ ಹಿಡಿಯನ್ನು ನೋಡಿಕೊಂಡು ಹೇಳಿದರು. "ಬರುತ್ತೆ ಅಂದಿದ್ರೆ, ಓದಿಯೂ ಮೀರಿದ್ದೀಯ ಅಂತ ರಜೆ ಹೋಗ್ತಿತ್ತಲ್ಲ ಸಾರ್. ಮಗಳಿಗೆ ಹದಿನೆಂಟಕ್ಕೆ ದಿನ ಕೊಟ್ಟಿದ್ದಾರೆ. ಹಾಗಂತ ಮೇಡಂ ಕೆಲಸ ಹಾಳಾಗೋದನ್ನ ನೋಡ್ಕೊಂಡು ಇರೋಕೂ ಆಗ್ಲಿಲ್ಲ. ಪಟ್ಟಿ ತಪ್ಪಿದೆ ಅಂತ ಮೊದಲನೇ ದಿನಾನೇ ಹೇಳೋಕೆ ಬಂದಿದ್ದೆ. ನಿಮಗೆ ಬಸ್ಸಿತ್ತು."

"ಮೇಡಂ, ನಿಮಗೆ ಇದು ಗೊತ್ತಿತ್ತಾ?"

"ದಿನಾ ಬೆಳಗ್ಗೆ ಒಂಬತ್ತಕ್ಕೆ ಅವರಿಗೆ ಪುಸ್ತಕ ಕೊಡೋಳು ನಾನೇ ಅಲ್ವೇನ್ರೀ? ನೀವು ಬರೋದು ಹತ್ತಕ್ಕೆ."

"ಹಾಗಾದ್ರೆ ಆ ಆದೇಶ ರದ್ದು ಮಾಡಿ ಮೇಡಂ!"

ಮೇಡಂ ಗೋಡೆ ಗಡಿಯಾರ ನೋಡಿದರು. ಬಹುಮಾನದ ಪೆನ್ನನ್ನು ಅಕ್ಕನ ಕೈಗಿಟ್ಟರು, ತಾತನಿಗೆ ಕಾದಂಬರಿಯೊಂದನ್ನು ಸಮಾಧಾನಕ್ಕೆ ಕೊಟ್ಟರು, ಕಾಂಪೌಂಡರನಿಗೆ ಸಣ್ಣದೊಂದು ನಗೆ ಕೊಟ್ಟರು. ಅಷ್ಟರಲ್ಲಿ ಗಡಿಯಾರ ಢಣ್ ಎಂದು ಐದು ಹೊಡೆಯಿತು.

"ನಾನು ನಿವೃತ್ತಳಾದೆ" ಎಂದರು. "ರದ್ದು ಮಾಡೋ ಅಧಿಕಾರ ಈಗ ನನಗಿಲ್ಲ. ಹೊಸಬರನ್ನ ಯಾವಾಗ ಹಾಕ್ತಾರೋ ಇಲಾಖೆಗೇ ಗೊತ್ತು."

ಮಾಡಿದ್ದುಣ್ಣೋ ಮಹಾರಾಯ ಎಂದು ತಾತ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಇಂಜಿನಿಯರ್ ಮುಳುಗುವವನಂತೆ ಒಂದು ಕಡ್ಡಿ ಹಿಡಿದ. ಸಾವಿರದ ನೂರ ನಲವತ್ತಾರು ಪುಸ್ತಕ ಓದಿದವರಿಗೆ ಇನ್ನೊಂದು ಯಾವ ಲೆಕ್ಕ? ಅಕ್ಕ ರಜೆಯಿಂದ ಬಂದ ದಿನವೇ ಒಂದು ತೆಳ್ಳನೆಯ ಪುಸ್ತಕ ಓದಿ ಮುಗಿಸಿದರೆ ಐದೂ ಹತ್ತರ ಬಸ್ಸು ಮತ್ತೆ ಅವನದೇ.

"ಅಕ್ಕಾ, ಒಂದೇ ಒಂದು ಪುಸ್ತಕ ಓದಿಬಿಡಿ. ಯಾವುದಾದ್ರೂ ಪರವಾಗಿಲ್ಲ, ನಿಮಗಿಷ್ಟ ಬಂದಿದ್ದು."

ಅಕ್ಕನ ಮುಖ ಅರಳಿತು. ಅಷ್ಟು ವರ್ಷದಲ್ಲಿ ಅವನು ಆ ಮುಖವನ್ನು ಹಾಗೆ ಕಂಡಿರಲಿಲ್ಲ.

"ನಿಜವಾಗ್ಲೂ ಸಾರ್? ಒಂದಿದೆ. ಎಷ್ಟೋ ವರ್ಷದಿಂದ ಆಸೆ. ಅದನ್ನ ಮನೆಗೆ ಕೊಡೋ ಹಾಗಿಲ್ಲ, ಇಲ್ಲೇ ಕೂತು ಓದ್ಬೇಕು. ನನ್ನ ಕೆಲಸ ಮುಗಿಯೋದೇ ಐದಕ್ಕೆ, ಬಾಗಿಲು ಹಾಕೋದೂ ಐದಕ್ಕೆ." ಅವರು ಕಟ್ಟಿಟ್ಟಿದ್ದ ಸಂಪುಟಗಳ ಕಡೆ ನಡೆದು, ಏಳನೆಯದರ ಬೆನ್ನನ್ನು ಅಂಗೈಯಿಂದ ಸವರಿದರು. "ಈ ವಿಶ್ವಕೋಶ."

"ಅದು ಹದಿನಾಲ್ಕು ಪುಸ್ತಕ!" ಎಂದು ಇಂಜಿನಿಯರ್ ಚೀರಿದ.

"ಸೂಚಿಯಲ್ಲಿ ಒಂದೇ ಅಂತಿದೆ" ಎಂದರು ಮೇಡಂ, ಕೈಚೀಲ ಹೆಗಲಿಗೆ ಹಾಕಿಕೊಳ್ಳುತ್ತ. "ಹೆಸರೊಂದು, ನಂಬರೊಂದು. ನೀವೇ ಟೈಪು ಮಾಡಿದ ಕಾರ್ಡು. ಈಗ ಅದು ಹೋಗೋದೂ ಇಲ್ಲ."

ಹೊರಗೆ ವಿದ್ಯುತ್ ಇಲಾಖೆಯವರು ಏಣಿ ಹಿಡಿದು ಕಾಯುತ್ತಿದ್ದರು. ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಿತ್ತು, ಮನೆಯಿಂದಲೇ ಇರಬೇಕು. ಇಂಜಿನಿಯರ್ ಅದನ್ನು ಎತ್ತುವ ಧೈರ್ಯ ಸಾಲದೆ, ಹದಿನಾಲ್ಕು ಸಂಪುಟಕ್ಕೆ ದಿನಕ್ಕೊಂದು ಗಂಟೆಯಂತೆ ಎಷ್ಟು ವರ್ಷ ಎಂದು ಬೆರಳು ಮಡಿಸುತ್ತಿದ್ದ. ಅಕ್ಕ ಕಂಪ್ಯೂಟರನ್ನು ಮುಚ್ಚುವ ಗುಂಡಿ ಒತ್ತಿ, ಹಸಿರು ದೀಪದ ಮುಂದೆ ಕೈಕಟ್ಟಿ ಕೂತರು.

"ಅಕ್ಕಾ" ಎಂದ ಅವನು ಅಳುವ ದನಿಯಲ್ಲಿ, "ಸ್ವಲ್ಪ ಬೇಗ ಬೇಗ ಓದ್ತೀರಾ?"

ಅಕ್ಕ ದೀಪದಿಂದ ಕಣ್ಣು ತೆಗೆಯದೆ ಗೋಡೆಯ ಮೇಲಿನ ಹೊಸ ಪಟ್ಟಿಯ ಕಡೆ ಬೆರಳು ತೋರಿಸಿದರು.

"ಓದ್ಕೊಳ್ಳಿ ಸಾರ್."